ಹಳೆಯ ವಿಡಿಯೋ ಗೇಮುಗಳ ತರತಮ: ಒಂದು ಪ್ರಮಾಣವಿಚಾರ

ಹಳೆಯ ವಿಡಿಯೋ ಗೇಮುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಾದದೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. 'ಸೂಪರ್ ಮಾರಿಯೋಗಿಂತ ಕಾಂಟ್ರಾ ಚೆನ್ನ' ಎಂದಾಗ ಆ ಮಾತು ಆಟವನ್ನು ಕುರಿತದ್ದೋ, ಆಡಿದವನ ಮನಸ್ಸನ್ನು ಕುರಿತದ್ದೋ ಎಂಬುದು ಒಂದು. ಅಂಥ ಮಾತನ್ನು ಯಾವುದರ ಬಲದ ಮೇಲೆ ಒಪ್ಪಬೇಕು ಎಂಬುದು ಇನ್ನೊಂದು. ಮೊದಲನೆಯದು ಮೌಲ್ಯದ ಪ್ರಶ್ನೆ, ಎರಡನೆಯದು ಪ್ರಮಾಣದ ಪ್ರಶ್ನೆ. ನೈಯಾಯಿಕರು, ಮೀಮಾಂಸಕರು, ಆಲಂಕಾರಿಕರು ಗಡಿಗೆ, ಕಪ್ಪೆಚಿಪ್ಪು, ನಾಟಕಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಚರ್ಚಿಸಿದ್ದು ಇವೇ ಪ್ರಶ್ನೆಗಳನ್ನು. ಅವರ ಸಲಕರಣೆಗಳು ಈ ಹೊಸ ವಸ್ತುವಿಗೂ ಚೆನ್ನಾಗಿ ಹೊಂದುತ್ತವೆ.

ವಾದಕ್ಕೆ ಬರುವ ಆಟಗಳಲ್ಲಿ ಹೆಚ್ಚಿನವು ಜಪಾನಿನವು. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಎಂಟು ಬಿಟ್‌ನ ಪ್ರೊಸೆಸರು, ಕೆಲಸಕ್ಕೆ ಬರೀ 2 ಕಿಲೋಬೈಟ್ ಮೆಮೊರಿ. ಭಾರತದ ಮನೆಗಳಿಗೆ 1990ರ ದಶಕದಲ್ಲಿ ಬಂದದ್ದು ಹೆಚ್ಚಾಗಿ ಇದರ ನಕಲು ಯಂತ್ರಗಳು. ಮೀಡಿಯಾ, ಟರ್ಮಿನೇಟರ್ ಮುಂತಾದ ಹೆಸರು ಹೊತ್ತವು. ಬಂಗಾರಪೇಟೆಯಲ್ಲಾಗಲಿ ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್.ನ ಕೋರಮಂಡಲ್, ಊರಿಗಾಂ, ಮಾರಿಕುಪ್ಪಂಗಳಲ್ಲಾಗಲಿ ಆ ಕಾಲದಲ್ಲಿ ಬೆಳೆದವರಿಗೆ ಅದು 'ಟಿವಿ ಗೇಮ್', ಅದರೊಳಗೆ ಹಾಕುವ ಡಬ್ಬಿ 'ಕ್ಯಾಸೆಟ್'. ಕ್ಯಾಸೆಟ್ ಹಿಡಿಯದಿದ್ದರೆ ಹೊರಗೆ ತೆಗೆದು, ಪಿನ್ನುಗಳಿರುವ ಕಡೆ ಬಾಯಿಂದ ಊದಿ, ಮತ್ತೆ ಒತ್ತಿ ಕೂರಿಸುತ್ತಿದ್ದರು. ಆಟ ಶುರುವಾಗುತ್ತಿತ್ತು. ಊದಿದ್ದರಿಂದ ಶುರುವಾಯಿತೆಂದು ಎಲ್ಲರೂ ನಂಬಿದ್ದರು. ನಿಜಕ್ಕೂ ಕೆಲಸ ಮಾಡಿದ್ದು ತೆಗೆದು ಮತ್ತೆ ಹಾಕಿದ ಕ್ರಿಯೆ; ಪಿನ್ನುಗಳು ಹೊಸದಾಗಿ ಕೂಡಿಕೊಳ್ಳುತ್ತಿದ್ದವು. ಉಸಿರಿನ ತೇವ ಲೋಹಕ್ಕೆ ಹಾನಿಯನ್ನೇ ಮಾಡುತ್ತಿತ್ತು. ಕಾರ್ಯಕ್ಕೆ ಮೊದಲು ಹಾಜರಿದ್ದರೂ ಕಾರಣವಲ್ಲದ್ದನ್ನು ನ್ಯಾಯಶಾಸ್ತ್ರ 'ಅನ್ಯಥಾಸಿದ್ಧ' ಎನ್ನುತ್ತದೆ. ಮಣ್ಣು ಹೊತ್ತು ತಂದ ಕುಂಬಾರನ ಕತ್ತೆ ಗಡಿಗೆಗೆ ಕಾರಣವಲ್ಲ ಎಂಬುದು ಅದಕ್ಕೆ ಕೊಡುವ ಉದಾಹರಣೆ. ಆಟಗಳ ಶ್ರೇಷ್ಠತೆಯ ವಿಚಾರದಲ್ಲಿ ಈ ಕತ್ತೆ ಮತ್ತೆ ಎದುರಾಗುತ್ತದೆ.

ಅದಕ್ಕೂ ಮೊದಲು ವಾದಿಸುವವರು ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿದ್ದಾರೆಯೇ ಎಂದು ನೋಡಬೇಕು. ನಕಲು ಕ್ಯಾಸೆಟ್ಟುಗಳ ಮೇಲೆ ಸಾವಿರಗಟ್ಟಲೆ, ಲಕ್ಷಗಟ್ಟಲೆ ಆಟಗಳ ಲೆಕ್ಕ ಅಚ್ಚಾಗಿರುತ್ತಿತ್ತು. ಒಳಗಿದ್ದವು ಕೆಲವೇ ಆಟಗಳು. ಅದೇ ಆಟ ಬೇರೆ ಸ್ಟೇಜಿನಿಂದ ಶುರುವಾದರೆ, ಅಥವಾ ಲೈಫ್ ಹೆಚ್ಚಿದ್ದರೆ, ಪಟ್ಟಿಯಲ್ಲಿ ಹೊಸ ಹೆಸರು ಪಡೆಯುತ್ತಿತ್ತು. ಹೆಸರು ಹಲವು, ಆಟ ಒಂದು. ಇದರ ತಿರುಗುಮುರುಗು ಪರಿಸ್ಥಿತಿಯೂ ಇತ್ತು. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಚಿತ್ರಗಳ ಲೆಕ್ಕದಲ್ಲಿ ನಡೆಯುತ್ತಿತ್ತು, ಭಾರತದ ಪಾಲ್ ಪದ್ಧತಿಯ ಟಿವಿ 50ರ ಲೆಕ್ಕದಲ್ಲಿ. ಆ ಕಾಲದ ಆಟಗಳ ಓಟ, ನೆಗೆತ, ಸಂಗೀತ ಎಲ್ಲವೂ ಈ ಎಣಿಕೆಗೇ ಕಟ್ಟುಬಿದ್ದಿದ್ದರಿಂದ, ಪಾಲ್‌ಗೆ ಹೊಂದಿಸಿದ ನಕಲು ಯಂತ್ರದಲ್ಲಿ ಮಾರಿಯೋ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿದ್ದ. ಕ್ಯೋಟೋದ ಹುಡುಗ ಆಡಿದ ಮಾರಿಯೋಗೂ ಕೋಲಾರದ ಹುಡುಗ ಆಡಿದ ಮಾರಿಯೋಗೂ ಹೆಸರು ಒಂದೇ. ಬೆರಳಿಗೆ ಸಿಕ್ಕುವ ಆಟ ಮಾತ್ರ ಕೊಂಚ ಬೇರೆ. ಪ್ರಪಂಚದ ಎರಡು ಮೂಲೆಯ ಇಬ್ಬರು ಅದರ ಕಷ್ಟ ಎಷ್ಟೆಂದು ವಾದಕ್ಕೆ ನಿಂತರೆ ಇಬ್ಬರ ಮಾತೂ ಅವರವರ ವಸ್ತುವಿನ ಮಟ್ಟಿಗೆ ಸರಿಯಾಗಿರಬಹುದು.

ಶ್ರೇಷ್ಠ ಆಟಗಳ ಪಟ್ಟಿಗೆ ಏನು ಸೇರುತ್ತದೆ ಎಂಬುದೂ ಮೊದಲೇ ತೀರ್ಮಾನವಾಗಿರುತ್ತದೆ. ನಾಮ್ಕೋ ಕಂಪನಿಯ 1985ರ 'ಬ್ಯಾಟಲ್ ಸಿಟಿ', ಅಂದರೆ ಇಲ್ಲಿಯವರ 'ಟ್ಯಾಂಕ್ ಗೇಮ್', ಅಮೆರಿಕದ ನಿಂಟೆಂಡೊ ಯಂತ್ರಕ್ಕೆ ಅಧಿಕೃತವಾಗಿ ಬರಲೇ ಇಲ್ಲ. ಆದ್ದರಿಂದ ಅಲ್ಲಿಯ ಪಟ್ಟಿಗಳಲ್ಲಿ ಅದರ ಸುಳಿವು ಕಡಿಮೆ. ಭಾರತದಲ್ಲೂ ರಷ್ಯದಲ್ಲೂ ನಕಲು ಯಂತ್ರಗಳ ಜೊತೆಗೇ ಮನೆಮನೆಗೆ ಬಂದು ಬಹಳ ಮಂದಿಗೆ ಮೊದಲ ಆಟವೇ ಅದಾಯಿತು. ಅತ್ತ, ಅಲ್ಲಿಯವರು ತಲೆಯ ಮೇಲೆ ಹೊತ್ತು ಮೆರೆಸುವ 'ದ ಲೆಜೆಂಡ್ ಆಫ್ ಜೆಲ್ಡಾ' ಇಲ್ಲಿನ ಕ್ಯಾಸೆಟ್ಟುಗಳಲ್ಲಿ ಅಪರೂಪ. ಆಟವನ್ನು ನಡುವೆ ನಿಲ್ಲಿಸಿ ಉಳಿಸಿಕೊಳ್ಳಲು ಅದಕ್ಕೆ ಒಳಗೊಂದು ಬ್ಯಾಟರಿ ಬೇಕಿತ್ತು, ಮತ್ತು ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ತುಂಬಬೇಕೆಂದರೆ ಚಿಕ್ಕ ಆಟಗಳೇ ಅನುಕೂಲ. 'ಬ್ಯಾಟಲ್ ಸಿಟಿ'ಯ ಒಟ್ಟು ಗಾತ್ರ 24 ಕಿಲೋಬೈಟ್, 'ಸೂಪರ್ ಮಾರಿಯೋ'ದ್ದು 40. ಜಗತ್ತಿನ ನೂರು ಶ್ರೇಷ್ಠ ಆಟಗಳೆಂಬ ಪಟ್ಟಿಯಲ್ಲಿ ರುಚಿಯ ಜೊತೆಗೆ ಸಾಗಣೆ, ಬ್ಯಾಟರಿ, ಬೆಲೆಗಳೂ ಮತ ಹಾಕಿರುತ್ತವೆ.

ಮತ ಎಣಿಸಿ ತೀರ್ಮಾನಿಸೋಣ ಎಂದರೆ ಬೇರೆಯದೇ ತೊಡಕು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಮೂವರು ಗೆಳೆಯರು ಕೂತಿದ್ದಾರೆ ಎಂದುಕೊಳ್ಳೋಣ. ಒಬ್ಬನಿಗೆ ಕಾಂಟ್ರಾ ಮೊದಲು, ಆಮೇಲೆ ಮಾರಿಯೋ, ಆಮೇಲೆ ಟ್ಯಾಂಕ್. ಇನ್ನೊಬ್ಬನಿಗೆ ಮಾರಿಯೋ, ಟ್ಯಾಂಕ್, ಕಾಂಟ್ರಾ. ಮೂರನೆಯವನಿಗೆ ಟ್ಯಾಂಕ್, ಕಾಂಟ್ರಾ, ಮಾರಿಯೋ. ಎರಡೆರಡನ್ನೇ ಎದುರಿಟ್ಟು ಕೈ ಎತ್ತಿಸಿದರೆ ಮಾರಿಯೋ ವಿರುದ್ಧ ಕಾಂಟ್ರಾ ಗೆಲ್ಲುತ್ತದೆ, ಟ್ಯಾಂಕ್ ವಿರುದ್ಧ ಮಾರಿಯೋ ಗೆಲ್ಲುತ್ತದೆ, ಕಾಂಟ್ರಾ ವಿರುದ್ಧ ಟ್ಯಾಂಕ್ ಗೆಲ್ಲುತ್ತದೆ. ಪ್ರತಿಯೊಬ್ಬನ ಮನಸ್ಸೂ ಸ್ಪಷ್ಟವಾಗಿದೆ, ಮೂವರೂ ಸೇರಿದ 'ಜನಾಭಿಪ್ರಾಯ' ಮಾತ್ರ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಫ್ರಾನ್ಸಿನ ಕೊಂದೊರ್ಸೆ 1785ರಲ್ಲಿ ಇದನ್ನು ತೋರಿಸಿದ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ನ್ಯಾಯವಾದ ಕೆಲವು ಸರಳ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸುವ ಶ್ರೇಣೀಕರಣ ವಿಧಾನ ಇರಲಾರದೆಂದು ಕೆನೆತ್ ಆ್ಯರೋ 1951ರಲ್ಲಿ ಸಾಧಿಸಿದ. ಹೀಗಾಗಿ ಪಟ್ಟಿಯ ಒಂದನೆಯ ಸ್ಥಾನ ಎಷ್ಟೋ ಸಲ ಎಣಿಸಿದ ವಿಧಾನದ ಫಲ. ಇದರಿಂದ ಶ್ರೇಷ್ಠತೆಯೇ ಇಲ್ಲ ಎಂದಾಗುವುದಿಲ್ಲ. ತಲೆ ಎಣಿಸಿ ಅದನ್ನು ಹಿಡಿಯಲಾಗುವುದಿಲ್ಲ ಎಂದಷ್ಟೇ ಆಗುತ್ತದೆ.

ಹಾಗಾದರೆ ಆಟದೊಳಗೇ ಏನಿದೆ ಎಂದು ನೋಡಬೇಕು. ಇದಕ್ಕೆ 'ಲೋಡ್ ರನ್ನರ್' ಒಳ್ಳೆಯ ಉದಾಹರಣೆ, ಅದರಲ್ಲೂ ಚಿನ್ನದ ಗಣಿಯ ಊರಿನವರಿಗೆ. ಡಗ್ಲಾಸ್ ಸ್ಮಿತ್ ಬರೆದ ಈ ಆಟವನ್ನು ಬ್ರೋಡರ್‌ಬಂಡ್ ಕಂಪನಿ 1983ರಲ್ಲಿ ಹೊರತಂದಿತು. ಮರುವರ್ಷ ಹಡ್ಸನ್ ಸಾಫ್ಟ್ ಅದನ್ನು ಫ್ಯಾಮಿಕಾಮಿಗೆ ಇಳಿಸಿತು. ಲೋಡ್ ಎಂದರೆ ಬಂಡೆಯೊಳಗೆ ಹರಿದ ಲೋಹದ ಎಳೆ. ಕೋಲಾರದ ಗಣಿಗಳಲ್ಲಿ ಹೆಚ್ಚು ಚಿನ್ನ ಕೊಟ್ಟ ಬೆಣಚುಕಲ್ಲಿನ ಎಳೆಯ ಹೆಸರು 'ಚಾಂಪಿಯನ್ ಲೋಡ್', ಆಟದ ಮುಂದುವರಿಕೆಯ ಹೆಸರು 'ಚಾಂಪಿಯನ್‌ಶಿಪ್ ಲೋಡ್ ರನ್ನರ್'. ಹೆಸರುಗಳು ಹೀಗೆ ಕೂಡಿಬಂದದ್ದು ಬರೀ ಆಕಸ್ಮಿಕ.

ಆಟದ ನಿಯಮಗಳು ಬೆರಳೆಣಿಕೆಯಷ್ಟು. ಆಟಗಾರ ಓಡಬಲ್ಲ, ಏಣಿ ಹತ್ತಬಲ್ಲ, ಹಗ್ಗಕ್ಕೆ ಜೋತು ಸಾಗಬಲ್ಲ, ನೆಗೆಯಲಾರ. ತನ್ನ ಎಡಕ್ಕೋ ಬಲಕ್ಕೋ ಇರುವ ನೆಲದ ಇಟ್ಟಿಗೆಯನ್ನು ಅಗೆಯಬಲ್ಲ. ಕಾಲ ಕೆಳಗಿನದನ್ನು ಅಗೆಯಲಾರ. ಅಗೆದ ಗುಂಡಿ ಕೆಲವು ಕ್ಷಣಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಬೆನ್ನಟ್ಟುವ ಕಾವಲುಗಾರರು ಗುಂಡಿಗೆ ಬಿದ್ದರೆ ಅವರ ತಲೆಯ ಮೇಲೆಯೇ ಓಡಿ ದಾಟಬಹುದು. ಗುಂಡಿ ಮುಚ್ಚುವುದರೊಳಗೆ ಮೇಲೆ ಬರದ ಕಾವಲುಗಾರ ಸಾಯುತ್ತಾನೆ, ಸತ್ತವನು ಪರದೆಯ ಮೇಲ್ಗಡೆ ಮತ್ತೆ ಹುಟ್ಟುತ್ತಾನೆ. ಚಿನ್ನವೆಲ್ಲ ಕೈಸೇರಿದ ಮೇಲೆ ಮೇಲಕ್ಕೆ ಹೋಗುವ ಏಣಿ ತೋರುತ್ತದೆ. ಇಷ್ಟೇ. ಆದರೆ ಮೂರು ಇಟ್ಟಿಗೆ ಆಳದಲ್ಲಿರುವ ಒಂದು ಚಿನ್ನದ ಗಂಟನ್ನು ತೆಗೆಯಬೇಕೆಂದರೆ ಮೇಲಿನ ಸಾಲಿನಲ್ಲಿ ಮೂರು ಇಟ್ಟಿಗೆ, ಅದರ ಕೆಳಗೆ ಎರಡು, ಅದರ ಕೆಳಗೆ ಒಂದು ಅಗೆಯಬೇಕು. ಕಾಲಡಿಯದನ್ನು ಅಗೆಯಲಾಗದ್ದರಿಂದ ಪ್ರತಿ ಸಾಲಿನಲ್ಲೂ ನಿಲ್ಲಲು ಒಂದು ಜಾಗ ಬೇಕು. ಅಷ್ಟರಲ್ಲಿ ಮೊದಲು ಅಗೆದದ್ದು ಮುಚ್ಚತೊಡಗುತ್ತದೆ. ಯಾರೂ ಕಲಿಸದೆ ಆಡುವವನೇ ಕೆಳಗಿನಿಂದ ಮೇಲಕ್ಕೆ ಎಣಿಸುವುದನ್ನು ಕಲಿಯುತ್ತಾನೆ. ಕಡಿಮೆ ನಿಯಮಗಳಿಂದ ಇಷ್ಟು ಯೋಚನೆ ಹುಟ್ಟಿಸುವುದು ಒಂದು ಗುಣ. ಅದು ಆಡುವವನ ಬಾಲ್ಯದಲ್ಲಿಲ್ಲ, ಫ್ಯಾಮಿಕಾಮ್ ಕ್ಯಾಸೆಟ್ಟಿನ 24 ಕಿಲೋಬೈಟುಗಳಲ್ಲಿದೆ. ಯಾರಾದರೂ, ಯಾವಾಗಲಾದರೂ, ಕ್ಯಾಸೆಟ್ ಹಾಕಿ ಪರೀಕ್ಷಿಸಿ ನೋಡಬಹುದು.

ಎಲ್ಲವೂ ಅವರವರ ರುಚಿ ಎಂದು ಕೈತೊಳೆದುಕೊಳ್ಳುವುದು ಆದ್ದರಿಂದ ಸರಿಯಲ್ಲ. ಹಾಗೆಂದು ಶ್ರೇಷ್ಠತೆ ತೂಕದಂತೆಯೋ ಉದ್ದದಂತೆಯೋ ವಸ್ತುವಿನಲ್ಲೇ ಕೂತ ಗುಣವೂ ಅಲ್ಲ. ಇವೆರಡರ ನಡುವಿನ ಸ್ಥಿತಿ ಎಂಥದೆಂದು ತಿಳಿಯಲು 'ಅದಿರು' ಎಂಬ ಮಾತನ್ನು ನೋಡಬಹುದು. ಬಂಡೆಯಲ್ಲಿ ಟನ್ನಿಗೆ ಎಷ್ಟು ಗ್ರಾಂ ಚಿನ್ನವಿದೆ ಎಂಬುದು ಪ್ರಯೋಗಾಲಯದಲ್ಲಿ ಕರಗಿಸಿ ಹೇಳಬಹುದಾದ ಸಂಗತಿ. ಆ ಬಂಡೆ ಅದಿರೋ ಅಲ್ಲವೋ ಎಂಬುದು ಹಾಗಲ್ಲ. ತೆಗೆಯುವ ಖರ್ಚಿಗಿಂತ ಸಿಗುವ ಲೋಹದ ಬೆಲೆ ಹೆಚ್ಚಿದ್ದರಷ್ಟೇ ಬಂಡೆ ಅದಿರಾಗುತ್ತದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೈಹಾಕಿದಾಗ ಇದ್ದ ಬಂಡೆಯೇ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗಲೂ ಕೆಳಗಿತ್ತು. ಅದರೊಳಗೆ ಚಿನ್ನವೂ ಇತ್ತು. ಆಳ ಮೂರು ಕಿಲೋಮೀಟರು ದಾಟಿತ್ತು, ಟನ್ನಿಗೆ ಸಿಗುವ ಗ್ರಾಂ ಇಳಿದಿತ್ತು, ಖರ್ಚು ಏರಿತ್ತು. ಒಮ್ಮೆ ರುಬ್ಬಿ ಎಸೆದ ಪುಡಿಯ ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಮಾತು ಆಮೇಲೆ ಮತ್ತೆ ಮತ್ತೆ ಎದ್ದಿದೆ. ಕಸವಾಗಿದ್ದದ್ದು ಬೆಲೆ ಏರಿದರೆ ಅದಿರಾಗಬಲ್ಲದು. ಹೀಗೆ ಅದಿರುತನ ಮನುಷ್ಯರ ಬೇಕು-ಬೇಡಗಳ ಸಂಬಂಧದಲ್ಲೇ ಇರುವಂಥದ್ದು, ಆದರೂ ಯಾರ ಇಷ್ಟಕ್ಕೆ ಬಂದಂತೆ ಇರುವಂಥದ್ದಲ್ಲ. ಚಿನ್ನವೇ ಇಲ್ಲದ ಬಂಡೆಯನ್ನು ಎಷ್ಟೇ ಪ್ರೀತಿಸಿದರೂ ಅದಿರು ಮಾಡಲಾಗದು. ಆಟದ ಶ್ರೇಷ್ಠತೆಯನ್ನೂ ಹೀಗೆಯೇ ತಿಳಿಯಬೇಕು. ಆಡುವವರಿಲ್ಲದೆ ಅದಿಲ್ಲ, ಆಡುವವರಿಂದ ಮಾತ್ರವೇ ಬಂದದ್ದೂ ಅಲ್ಲ.

ಹಾಗಾದರೆ ಯಾರ ಮಾತು ನಡೆಯಬೇಕು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರ ತನ್ನ ಪ್ರಬಂಧದಲ್ಲಿ ಸ್ಪೇನಿನ 'ಡಾನ್ ಕಿಹೋಟೆ' ಕಾದಂಬರಿಯ ಒಂದು ಪ್ರಸಂಗವನ್ನು ನೆನೆಯುತ್ತಾನೆ. ಪೀಪಾಯಿಯ ದ್ರಾಕ್ಷಾರಸ ಕುಡಿದು ಒಬ್ಬ ಚರ್ಮದ ರುಚಿ ಇದೆ ಎಂದ, ಇನ್ನೊಬ್ಬ ಕಬ್ಬಿಣದ ರುಚಿ ಇದೆ ಎಂದ. ಜನ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಕಬ್ಬಿಣದ ಬೀಗದ ಕೈ ಸಿಕ್ಕಿತು. ನಾಲಗೆಯ ಅನುಭವಕ್ಕೂ ತಳದಲ್ಲಿ ಒಂದು ವಸ್ತು ಇರಬಹುದು, ಅದನ್ನು ಹಿಡಿಯಲು ಪಳಗಿದ ನಾಲಗೆ ಬೇಕು ಎಂಬುದು ಹ್ಯೂಮನ ಅಭಿಪ್ರಾಯ. ಭಾರತೀಯ ಕಾವ್ಯಮೀಮಾಂಸೆ ಇದಕ್ಕೂ ಎಷ್ಟೋ ಮೊದಲು ಸಹೃದಯ ಎಂಬ ಪರಿಕಲ್ಪನೆಯನ್ನು ಬೆಳೆಸಿತ್ತು. ಕಾವ್ಯದ ಬಿಡದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ತಿಳಿಯಾದವನೇ ಸಹೃದಯ. ಹ್ಯೂಮನ ವಿಮರ್ಶಕನಿಗಿಂತ ಸಹೃದಯ ಈ ವಿಚಾರಕ್ಕೆ ಹೆಚ್ಚು ಹತ್ತಿರ. ದ್ರಾಕ್ಷಾರಸ ಕುಡಿಯುವವನು ತನ್ನೆದುರು ಸಿದ್ಧವಾಗಿರುವುದನ್ನು ಸವಿಯುತ್ತಾನೆ. ಕಾವ್ಯದ ರಸವಾದರೋ ಸಹೃದಯ ಒಳಗೆ ಹೊಕ್ಕಾಗಲೇ ಸಿದ್ಧಿಸುತ್ತದೆ. ಆಟವೂ ಹಾಗೆ, ಆಡದೆ ಆಗದು. ಕಪಾಟಿನಲ್ಲಿರುವ ಕ್ಯಾಸೆಟ್ ಆಟವಲ್ಲ, ಆಟದ ಸಾಧ್ಯತೆ.

ಹತ್ತನೆಯ ಶತಮಾನದ ಕೊನೆ, ಹನ್ನೊಂದರ ಮೊದಲ ಭಾಗದಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು 'ನಿಜಸುಖಾದಿವಿವಶೀಭಾವ', ಅಂದರೆ ನೋಡುವವನು ತನ್ನ ಸ್ವಂತ ಸುಖದುಃಖಗಳಲ್ಲೇ ಮುಳುಗಿ ಎದುರಿನದನ್ನು ಕಾಣದೆ ಹೋಗುವುದು. ಹಳೆಯ ಆಟಗಳ ವಾದದಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. ಬೇಸಿಗೆ ರಜೆ, ಹೋದ ಕರೆಂಟ್ ಬಂದ ಕ್ಷಣದ ಕೂಗು, ಅಕ್ಕಪಕ್ಕದ ಮನೆಯ ಹುಡುಗರು, ಅಜ್ಜಿ ತಂದಿಟ್ಟ ಚುರುಮುರಿ, ಅಪ್ಪ ಶಿಫ್ಟ್ ಮುಗಿಸಿ ಬಂದು ಟಿವಿ ಕೇಳುವವರೆಗಿನ ಒಂದು ಗಂಟೆ: ಇವೆಲ್ಲ ಆಟದ ಜೊತೆಗೆ ಹಾಜರಿದ್ದವು. ಅಂದಿನ ಸಂತೋಷಕ್ಕೆ ಆಟ ಕಾರಣವೋ, ಅಥವಾ ಆಟವೂ ಕುಂಬಾರನ ಕತ್ತೆಯೋ? ಅದೇ ಬೇಸಿಗೆಯಲ್ಲಿ ಬೇರೊಂದು ಆಟವಿದ್ದಿದ್ದರೂ ಅಷ್ಟೇ ಸಂತೋಷವಾಗುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಎಷ್ಟೋ ಸಲ 'ಹೌದು' ಎಂದು ಬರುತ್ತದೆ. ಈ ಉತ್ತರ ನೋವಿನದು, ಆದರೆ ವಾದಿಸುವವರು ಇದನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ.

ಸ್ಮೃತಿ ಯಥಾರ್ಥ ಜ್ಞಾನಕ್ಕೆ ಸಾಧನವೇ ಎಂಬ ಪ್ರಶ್ನೆಗೆ ನೈಯಾಯಿಕರ ಉತ್ತರ ನಿಷ್ಠುರವಾದದ್ದು. ಅನ್ನಂಭಟ್ಟನ 'ತರ್ಕಸಂಗ್ರಹ' ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ಒಡೆದು, ಪ್ರಮೆ, ಅಂದರೆ ಪ್ರಮಾಣದಿಂದ ಬಂದ ಜ್ಞಾನ, ಎಂಬ ಪಟ್ಟವನ್ನು ಯಥಾರ್ಥವಾದ ಅನುಭವಕ್ಕೆ ಮಾತ್ರ ಕೊಡುತ್ತದೆ. ನೆನಪು ಹಿಂದಿನ ಅನುಭವದ ಸಂಸ್ಕಾರದಿಂದ ಏಳುವಂಥದ್ದು. ಹೊಸದಾಗಿ ಏನನ್ನೂ ತಿಳಿಸದು. ಪ್ರಾಭಾಕರ ಮೀಮಾಂಸಕರು ಇನ್ನೂ ಸೂಕ್ಷ್ಮವಾಗಿ ನೋಡಿದರು. ಕಪ್ಪೆಚಿಪ್ಪನ್ನು ಕಂಡು 'ಇದು ಬೆಳ್ಳಿ' ಎನ್ನುವವನಲ್ಲಿ ಇರುವುದು ಒಂದು ತಪ್ಪು ಜ್ಞಾನವಲ್ಲ, ಎರಡು ಜ್ಞಾನಗಳು. 'ಇದು' ಎಂಬುದು ಕಣ್ಣೆದುರಿನ ಅನುಭವ, 'ಬೆಳ್ಳಿ' ಎಂಬುದು ನೆನಪು. ನೆನಪು ತಾನು ನೆನಪೆಂಬ ಗುರುತನ್ನು ಕಳೆದುಕೊಂಡು ಬಂದಿರುತ್ತದೆ. ಎರಡರ ಭೇದ ತೋಚುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ಅಖ್ಯಾತಿ. ಮೂವತ್ತು ವರ್ಷಗಳ ಮೇಲೆ ಪರದೆಯಲ್ಲಿ ಕಾಂಟ್ರಾ ಕಂಡೊಡನೆ 'ಇದು ಎಲ್ಲಕ್ಕಿಂತ ದೊಡ್ಡ ಆಟ' ಎಂದು ಬಾಯಿಗೆ ಬರುವ ಮಾತಿನಲ್ಲಿ 'ಇದು' ಇಂದಿನದು, 'ದೊಡ್ಡ' ಎಂಬುದು ಅಂದಿನದು. ಹಾಗೆ ಹೇಳುವವನು ಸುಳ್ಳು ಹೇಳುತ್ತಿಲ್ಲ. ಅವನ ಎರಡು ಜ್ಞಾನಗಳೂ ತಮ್ಮಷ್ಟಕ್ಕೆ ನಿಜ. ಅವನ್ನು ಬಿಡಿಸಿಡುವ ಕೆಲಸ ಮಾತ್ರ ಬಾಕಿ ಇದೆ. ಹಳೆಯ ಆಟಗಳ ಪ್ರೇಮಿಗಳನ್ನು ಬಾಲ್ಯದ ಹಳಹಳಿಕೆಯವರೆಂದು ತಳ್ಳಿಹಾಕುವುದಕ್ಕಿಂತ ಈ ವಿವರಣೆ ಹೆಚ್ಚು ನ್ಯಾಯವಾದದ್ದು, ಹೆಚ್ಚು ಉಪಯುಕ್ತವೂ ಹೌದು.

ಬಿಡಿಸುವ ಒಂದು ದಾರಿ, ಯಾವ ನಿಲುವಿನಿಂದ ಮಾತಾಡುತ್ತಿದ್ದೇವೆಂದು ಮೊದಲೇ ಹೇಳಿಬಿಡುವುದು. ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ಇಂದಿನ ಕೋಲಾರ. ಆ ವಂಶದ ರಾಜರು ಆಶ್ರಯ ಕೊಟ್ಟ ಜೈನ ದರ್ಶನದಲ್ಲಿ ಇಂಥ ನಿಲುವಿಗೆ 'ನಯ' ಎಂದು ಹೆಸರು. ವಸ್ತುವಿಗೆ ಅನೇಕ ಧರ್ಮಗಳಿವೆ, ಒಂದು ಮಾತು ಒಂದು ನಯದಿಂದ ಅವುಗಳಲ್ಲಿ ಒಂದನ್ನು ಹಿಡಿಯುತ್ತದೆ. 'ಸ್ಯಾತ್', ಅಂದರೆ 'ಒಂದು ಬಗೆಯಲ್ಲಿ', ಎಂಬ ಎಚ್ಚರ ಮಾತಿಗೆ ಸೇರಿರಬೇಕು. ಮುಂದಿನ ಆಟಗಳಿಗೆ ದಾರಿ ತೋರಿದ ನಯದಿಂದ 1985ರ 'ಸೂಪರ್ ಮಾರಿಯೋ ಬ್ರದರ್ಸ್' ಮೇಲು. ನಿಯಮಗಳ ಮಿತವ್ಯಯದ ನಯದಿಂದ 'ಲೋಡ್ ರನ್ನರ್' ಮೇಲು. ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಆಡುವ ಹುರುಪಿನ ನಯದಿಂದ 'ಕಾಂಟ್ರಾ' ಮೇಲು. ಸ್ಯಾದ್ವಾದವನ್ನು 'ಎಲ್ಲರದೂ ಸರಿ' ಎಂಬ ಸಡಿಲ ಮಾತಾಗಿ ತಿಳಿಯುವ ರೂಢಿ ಇದೆ. ಅದು ತಪ್ಪು. ನಯ ಹೇಳಿದೊಡನೆ ಮಾತು ಬಿಗಿಯಾಗುತ್ತದೆ, ಅದನ್ನು ಅಲ್ಲಗಳೆಯಲೂ ಸಾಧ್ಯವಾಗುತ್ತದೆ. ನಿಯಮಗಳ ಮಿತವ್ಯಯದಲ್ಲಿ 'ಲೋಡ್ ರನ್ನರ್'ಗಿಂತ 'ಟೆಟ್ರಿಸ್' ಮುಂದು ಎಂದು ಯಾರಾದರೂ ವಾದಿಸಬಹುದು, ಬಹುಶಃ ಗೆಲ್ಲಲೂಬಹುದು.

ಇನ್ನೊಂದು ದಾರಿ ಮತ್ತೆ ಆಡಿ ನೋಡುವುದು. ನೆನಪಿಗೆ ಪ್ರಮಾಣದ ಪಟ್ಟವಿಲ್ಲದಿದ್ದರೆ ಹೊಸ ಅನುಭವವೇ ಬೇಕು. ಇಂದು ಎಮ್ಯುಲೇಟರ್ ಹಾಕಿಕೊಂಡು ಫೋನಿನಲ್ಲೇ ಆ ಆಟಗಳನ್ನು ಆಡಬಹುದು. 'ಲೋಡ್ ರನ್ನರ್'ನಂಥ ಒಗಟಿನ ಆಟಕ್ಕೆ ಇದು ಸಾಕು. ಎಲ್ಲಕ್ಕೂ ಸಾಕಾಗದು. 'ಡಕ್ ಹಂಟ್' ಆಟದಲ್ಲಿ ಗನ್ನಿನ ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿಯ ಚೌಕವೊಂದು ಮಿಂಚುತ್ತದೆ. ಗನ್ನಿನೊಳಗಿನ ಬೆಳಕಿನ ಸಂವೇದಕಕ್ಕೆ ಆ ಹೊಳಪು ಸರಿಯಾದ ಹೊತ್ತಿಗೆ ಕಂಡರೆ ಗುರಿ ತಾಗಿತೆಂದು ಲೆಕ್ಕ. ದಪ್ಪ ಗಾಜಿನ ಹಳೆಯ ಟಿವಿಯಲ್ಲಿ ಚಿತ್ರ ಕೂಡಲೇ ಮೂಡುತ್ತಿತ್ತು. ಈಗಿನ ಚಪ್ಪಟೆ ಟಿವಿಯಲ್ಲಿ ಅದು ತಡವಾಗಿ ಬರುವುದರಿಂದ ಹಳೆಯ ಗನ್ ಕುರುಡು. ಅದನ್ನು ಒರೆಗೆ ಹಚ್ಚಬೇಕಾದರೆ ಗುಜರಿಗೆ ಹೋದ ಟಿವಿಯನ್ನೇ ಹುಡುಕಿ ತರಬೇಕು.

'ಬ್ಯಾಟಲ್ ಸಿಟಿ'ಗೆ ಬೇಕಾದದ್ದು ಇದಕ್ಕಿಂತ ದುರ್ಲಭ. ಒಟ್ಟು 35 ಸ್ಟೇಜ್, ಒಂದೊಂದರಲ್ಲೂ 20 ಶತ್ರು ಟ್ಯಾಂಕ್. ಪರದೆಯ ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಒಂದು ಹದ್ದಿನ ಗುರುತು. ಅದಕ್ಕೆ ಒಂದು ಗುಂಡು ಬಿದ್ದರೂ ಆಟ ಮುಗಿಯಿತು. ಒಬ್ಬನೇ ಆಡಿದರೆ ಅದು ಸಾಧಾರಣ ಆಟ. ಇಬ್ಬರಾದರೆ ಒಬ್ಬ ಗೋಡೆ ಕಾಯುತ್ತಾನೆ, ಇನ್ನೊಬ್ಬ ಮೇಲೆ ಹೋಗಿ ಹೊಡೆಯುತ್ತಾನೆ; ಕಾಯುವವನಿಗೆ ಬೇಸರವಾಗಿ ಅವನೂ ಮೇಲೆ ಹೋಗುತ್ತಾನೆ. ಜೊತೆಗಾರನಿಗೆ ಗುಂಡು ತಗುಲಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಕದಲದೆ ನಿಂತುಬಿಡುತ್ತಾನೆ. ಆ ಹೊತ್ತಿನಲ್ಲಿ ನಡೆಯುವ ಜಗಳ, ಬೇಕೆಂದೇ ಹೊಡೆದೆಯೋ ತಪ್ಪಿ ಬಿತ್ತೋ ಎಂಬ ವಿಚಾರಣೆ, ಆಟದ ಹೊರಗಿನದಲ್ಲ. ನಿಯಮವೇ ಅದನ್ನು ಹುಟ್ಟಿಸುತ್ತದೆ. ಆದ್ದರಿಂದ ಈ ಆಟದ ಮಟ್ಟಿಗೆ ಜೊತೆಗಾರ ಅನ್ಯಥಾಸಿದ್ಧನಲ್ಲ, ಕಾರಣವೇ. ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮಂದಿ ಊರು ಬಿಟ್ಟರು, ಉಳಿದವರಲ್ಲಿ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಕ್ಯಾಸೆಟ್ ಸಿಕ್ಕಿ, ಹಳೆಯ ಟಿವಿಯೂ ಸಿಕ್ಕಿ, ಪರದೆಯ ಮೇಲೆ ಇಬ್ಬರ ಆಟವನ್ನು ಆರಿಸಿದ ಮೇಲೂ ಎರಡನೆಯ ರಿಮೋಟ್ ಹಿಡಿಯಲು ಒಂದು ಕೈ ಬೇಕು. ಆ ಕೈ ಬರುವತನಕ 'ಬ್ಯಾಟಲ್ ಸಿಟಿ'ಯ ಸ್ಥಾನ ಎಷ್ಟನೆಯದೆಂಬ ತೀರ್ಪನ್ನು ಕಾಯ್ದಿರಿಸಬೇಕಾಗುತ್ತದೆ.